ಪಾರುಪತ್ಯಗಾರನ ಲೆಕ್ಕ: ಲೂಕ 16ರ ಸಾಮತಿಯೂ ನಮ್ಮ ಪ್ರಬೋಧನೆಗಳೂ

ಆರಾಧನಾ ವಾಚನಗಳ 'ಸಿ' ವರ್ಷದಲ್ಲಿ ಸಾಧಾರಣ ಕಾಲದ 25ನೆಯ ಭಾನುವಾರ ಬಂತೆಂದರೆ ನಮ್ಮಲ್ಲಿ ಅನೇಕ ಗುರುಗಳಿಗೆ ಸಣ್ಣದೊಂದು ಸಂಕಟ. ಅಂದಿನ ಶುಭಸಂದೇಶ ಲೂಕ 16:1-13. ಯಜಮಾನನ ಆಸ್ತಿಯನ್ನು ಹಾಳುಗೆಡವಿದನೆಂಬ ದೂರಿಗೆ ಗುರಿಯಾದ ಪಾರುಪತ್ಯಗಾರನೊಬ್ಬನು, ಕೆಲಸ ಹೋಗುವ ಮುನ್ನ ಸಾಲಗಾರರ ಪತ್ರಗಳನ್ನು ತಿದ್ದಿಸಿ, ಕೊನೆಗೆ ಬೈಗುಳಕ್ಕೆ ಬದಲಾಗಿ ಮೆಚ್ಚುಗೆಯನ್ನು ಪಡೆಯುವ ಕಥೆ ಅದು. ವಾಚನ ಗ್ರಂಥವು ಇಲ್ಲಿ ಒಂದು ಸಂಕ್ಷಿಪ್ತ ರೂಪವನ್ನೂ ಅನುಮತಿಸುತ್ತದೆ: ಕಥೆಯನ್ನು ಪೂರ್ತಿಯಾಗಿ ಬಿಟ್ಟು 10ರಿಂದ 13ರವರೆಗಿನ ವಚನಗಳನ್ನು ಮಾತ್ರ ಓದಬಹುದು. ಹಲವರು ಈ ಅನುಮತಿಯನ್ನು ಕೃತಜ್ಞತೆಯಿಂದಲೇ ಬಳಸಿಕೊಳ್ಳುತ್ತಾರೆ. ಬಳಿಕ ಪ್ರಬೋಧನೆಯು ಸಮಯ, ಪ್ರತಿಭೆ, ಸಂಪತ್ತು ಎಂಬ ಮೂರು ಮೆಟ್ಟಿಲುಗಳನ್ನು ಹತ್ತಿ, ದೇವಾಲಯದ ಛಾವಣಿಯ ನಿಧಿಗೆ ಉದಾರವಾಗಿ ನೀಡಿರೆಂಬ ಕರೆಯಲ್ಲಿ ಮುಗಿಯುತ್ತದೆ. ನಾನೂ ಹೀಗೆಯೇ ಮುಗಿಸಿದ್ದುಂಟು.

ಈ ಲೇಖನವು ಆ ಬಗೆಯ ಪ್ರಬೋಧನೆಯ ವಿಮರ್ಶೆ. ಪಾರುಪತ್ಯದ ಕುರಿತು ಹೊಸ ಒಡಂಬಡಿಕೆ ಆಡುವ ಮಾತುಗಳಲ್ಲಿ ಬಹುಪಾಲು ಮೊದಲು ತಿರುಗುವುದು ಸೇವಾಧಿಕಾರ ಹೊತ್ತವರ ಕಡೆಗೆ. ನಾವು ಅವುಗಳನ್ನು ತಿರುಗಿಸಿರುವುದು ಪೀಠಗಳಲ್ಲಿ ಕುಳಿತ ಭಕ್ತಾದಿಗಳ ಕಡೆಗೆ. ಈ ದಿಕ್ಪಲ್ಲಟ ಹೇಗಾಯಿತು, ಅದರಿಂದ ನಷ್ಟವಾದುದೇನು ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಪದದಿಂದಲೇ ಪ್ರಾರಂಭಿಸಬೇಕು. ಗ್ರೀಕಿನ 'ಒಯ್ಕೊನೊಮೊಸ್' ಎಂಬುದರಲ್ಲಿ ಮನೆ ಎಂಬ ಅರ್ಥದ ಪದವೂ ಹಂಚು, ವಿತರಿಸು ಎಂಬ ಅರ್ಥದ ಧಾತುವೂ ಕೂಡಿವೆ. ಮನೆಯೊಡೆಯನ ಪರವಾಗಿ ಮನೆಯ ಆಳುಕಾಳುಗಳಿಗೆ ಬೇಕಾದುದನ್ನು ಅಳೆದು ಕೊಡುವವನು, ಕೊಟ್ಟು ಕೊಂಡುದರ ಲೆಕ್ಕ ಇಡುವವನು, ಎಂಬುದೇ ಅದರ ಮೂಲ ಚಿತ್ರ. ಸಾಮಾನ್ಯವಾಗಿ ಅವನೂ ಗುಲಾಮನೇ, ಅಥವಾ ಬಿಡುಗಡೆ ಹೊಂದಿದ ಗುಲಾಮ. ರೋಮನರಿಗೆ ಬರೆದ ಪತ್ರದ ಕೊನೆಯಲ್ಲಿ (16:23) ವಂದನೆ ಹೇಳುವ ಎರಾಸ್ತನು ಪಟ್ಟಣದ ಒಯ್ಕೊನೊಮೊಸ್, ಎಂದರೆ ನಗರದ ಬೊಕ್ಕಸ ನೋಡಿಕೊಳ್ಳುವ ಅಧಿಕಾರಿ. ಹಳೆಯ ಒಡಂಬಡಿಕೆಯಲ್ಲಿ ಪೋಟೀಫರನ ಮನೆಯ ಯೋಸೇಫನೂ, ಯೆಶಾಯ 22ರಲ್ಲಿ ಅಧಿಕಾರದಿಂದ ಕಿತ್ತೊಗೆಯಲ್ಪಡುವ ಶೆಬ್ನನೂ ಇದೇ ಸಾಲಿನವರು. ಶೆಬ್ನನ ಅಪರಾಧವನ್ನು ಗಮನಿಸಿ: ಅರಮನೆಯ ಉಸ್ತುವಾರಿ ವಹಿಸಿದ್ದವನು ತನಗಾಗಿ ಎತ್ತರದಲ್ಲಿ ಸಮಾಧಿಯೊಂದನ್ನು ಕೊರೆಯಿಸಿಕೊಳ್ಳುತ್ತಿದ್ದ.

ಲತೀನ್ ವುಲ್ಗಾತದಲ್ಲಿ ಈ ಒಂದು ಗ್ರೀಕ್ ಪದ ಎರಡಾಗಿ ಒಡೆಯಿತು. ಲೂಕ 16ರ ಪಾರುಪತ್ಯಗಾರನು ಅಲ್ಲಿ 'ವಿಲಿಕುಸ್', ಎಂದರೆ ಜಮೀನಿನ ಮೇಲ್ವಿಚಾರಕ. ಲೂಕ 12:42ರಲ್ಲಿಯೂ 1 ಕೊರಿಂಥ 4:1ರಲ್ಲಿಯೂ ಅದೇ ಪದಕ್ಕೆ 'ದಿಸ್ಪೆನ್ಸಾತೊರ್', ವಿತರಕ. ಭಾಷಾಂತರಕಾರನ ಈ ಆಯ್ಕೆ ತಪ್ಪೆನ್ನಲಾಗದು. ಸಂದರ್ಭಕ್ಕೆ ಎರಡೂ ಹೊಂದುತ್ತವೆ. ಆದರೆ ಪರಿಣಾಮ ದೂರಗಾಮಿಯಾಯಿತು. ದೇವರಹಸ್ಯಗಳ ವಿತರಕನು ಬಲಿಪೀಠದ ಬಳಿ ಉಳಿದನು. ಲೆಕ್ಕ ತಪ್ಪಿದ ಮೇಲ್ವಿಚಾರಕನು ಹೊಲದ ಬದುವಿನಲ್ಲಿ ಉಳಿದನು. ಇಬ್ಬರೂ ಒಬ್ಬನೇ ಎಂಬುದು ಓದುಗನ ಕಣ್ಣಿಗೆ ಬೀಳದಂತಾಯಿತು. ಕನ್ನಡದಲ್ಲಿಯೂ ಇದೇ ಆಗಿದೆ. ಮನೆವಾರ್ತೆಯವನು, ಮೇಲ್ವಿಚಾರಕ, ಮೇಸ್ತ್ರಿ, ನಿರ್ವಾಹಕ, ಪಾರುಪತ್ಯಗಾರ ಎಂದೆಲ್ಲ ನಾವು ಹೇಳುತ್ತೇವೆ. 'ಮೇಸ್ತ್ರಿ' ಎಂದೊಡನೆ ಇಂದಿನ ಕೇಳುಗನಿಗೆ ಕಟ್ಟಡ ಕೆಲಸದ ಗಾರೆ, ಇಟ್ಟಿಗೆಗಳೇ ಕಣ್ಮುಂದೆ ಬರುತ್ತವೆ. 'ಮನೆವಾರ್ತೆ' ಸುಂದರವಾದ ಪದ, ಆದರೆ ಬಳಕೆ ತಪ್ಪಿದೆ. ನನಗೆ ಪಾರುಪತ್ಯಗಾರನೇ ಲೇಸೆನಿಸುತ್ತದೆ. ಮೇಲುಕೋಟೆಯಂತಹ ದೇವಸ್ಥಾನಗಳ ಆಡಳಿತದಲ್ಲಿ ಆ ಹೆಸರಿನ ಹುದ್ದೆ ಇದ್ದುದನ್ನು ಕನ್ನಡಿಗರು ಬಲ್ಲರು. ದೇವರ ಸೊತ್ತನ್ನು ದೇವರ ಹೆಸರಿನಲ್ಲಿ ನಿರ್ವಹಿಸುವವನೆಂಬ ಧ್ವನಿ ಆ ಪದದಲ್ಲಿ ಈಗಾಗಲೇ ಇದೆ.

ಲೂಕ 16ಕ್ಕೆ ಹೋಗುವ ಮುನ್ನ ಲೂಕ 12ರಲ್ಲಿ ತುಸು ನಿಲ್ಲುವುದು ಅಗತ್ಯ, ಏಕೆಂದರೆ ನಮ್ಮ ವಾದದ ಕೀಲು ಅಲ್ಲಿದೆ. ಯಜಮಾನನ ಬರವಿಗಾಗಿ ಎಚ್ಚರವಾಗಿರುವ ಸೇವಕರ ಕುರಿತು ಯೇಸುಸ್ವಾಮಿ ಹೇಳುತ್ತಿರುವಾಗ ಪೇತ್ರನು ನಡುವೆ ಬಾಯಿ ಹಾಕುತ್ತಾನೆ (12:41): ಈ ಸಾಮತಿ ನಮಗೆ ಮಾತ್ರವೋ, ಎಲ್ಲರಿಗೋ ಎಂಬುದು ಅವನ ಪ್ರಶ್ನೆ. ಈ ಪ್ರಶ್ನೆಯನ್ನು ದಾಖಲಿಸಿದವನು ಲೂಕನೊಬ್ಬನೇ. ಮತ್ತಾಯ 24ರ ಸಮಾನಾಂತರ ಭಾಗದಲ್ಲಿ ಅದಿಲ್ಲ. ಪ್ರಶ್ನೆಗೆ ಹೌದು, ಅಲ್ಲ ಎಂಬ ಉತ್ತರ ಬರುವುದಿಲ್ಲ. ಬದಲಾಗಿ ಯೇಸುಸ್ವಾಮಿ ಪಾರುಪತ್ಯಗಾರನ ಚಿತ್ರವನ್ನು ಮುಂದಿಡುತ್ತಾರೆ. ಮತ್ತಾಯನು 'ದಾಸ' ಎಂದು ಬರೆದೆಡೆಯಲ್ಲಿ ಲೂಕನು 'ಒಯ್ಕೊನೊಮೊಸ್' ಎಂದು ಬರೆಯುತ್ತಾನೆ. ಎಂದರೆ, ಇತರ ಸೇವಕರ ಮೇಲೆ ನೇಮಕಗೊಂಡವನ ಹೊಣೆಯೇ ಬೇರೆ ಎಂಬುದು ಉತ್ತರದ ತಿರುಳು. ಪೇತ್ರನು ಯಾರ ಪರವಾಗಿ ಕೇಳಿದನೋ ಅವರಿಗೇ ಆ ಉತ್ತರ ಸಲ್ಲುತ್ತದೆ.

ಆ ಪಾರುಪತ್ಯಗಾರನ ಕೆಲಸವೇನು? ಸಂಪತ್ತನ್ನು ಬೆಳೆಸುವುದಲ್ಲ. ಕಾಪಾಡುವುದು ಕೂಡ ಅಲ್ಲಿ ಹೇಳಿಲ್ಲ. ಹೇಳಿರುವುದು ಒಂದೇ: ಮನೆಯ ಪರಿವಾರಕ್ಕೆ ಆಹಾರದ ಪಾಲನ್ನು ಹೊತ್ತುಹೊತ್ತಿಗೆ ಅಳೆದು ಕೊಡುವುದು. 'ಸಿತೊಮೆತ್ರಿಯೊನ್' ಎಂಬ ಲೂಕನ ಪದವು ಧಾನ್ಯದ ಅಳತೆಯನ್ನು, ಆಳಿಗೆ ಸಲ್ಲಬೇಕಾದ ಪಡಿಯನ್ನು ಸೂಚಿಸುತ್ತದೆ. ಅವನ ಪತನವೂ ಅಲ್ಲಿಯೇ: ಯಜಮಾನನು ತಡಮಾಡುತ್ತಾನೆಂದುಕೊಂಡು ಪಡಿಯಳೆಯಬೇಕಾದವನು ಆಳುಗಳನ್ನು ಹೊಡೆಯತೊಡಗುತ್ತಾನೆ, ತಾನೇ ಉಂಡು ಕುಡಿದು ಅಮಲೇರುತ್ತಾನೆ. ಹೆಚ್ಚು ಕೊಡಲ್ಪಟ್ಟವನಿಂದ ಹೆಚ್ಚು ಕೇಳಲಾಗುವುದೆಂಬ ಪ್ರಸಿದ್ಧ ವಾಕ್ಯ ಬರುವುದು ಈ ಸಂದರ್ಭದ ಕೊನೆಗೆ (12:48). ನಾವು ಅದನ್ನು ಶ್ರೀಮಂತ ಭಕ್ತರಿಗೆ ಹೇಳುತ್ತ ಬಂದಿದ್ದೇವೆ. ಅವರಿಗೆ ಅದು ಅನ್ವಯಿಸುವುದಿಲ್ಲವೆಂದಲ್ಲ. ಮೂಲದಲ್ಲಿ ಅದು ಪೇತ್ರನ ಪ್ರಶ್ನೆಗೆ ಕೊಟ್ಟ ಉತ್ತರದ ಕೊನೆಯ ವಾಕ್ಯ.

"ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ" ಎಂಬ ನಮ್ಮ ಗಾದೆ ಈ ಲೂಕ 12ರ ಮೇಲಿನ ಒಳ್ಳೆಯ ವ್ಯಾಖ್ಯಾನಗಳಲ್ಲೊಂದು. ಅದನ್ನು ಬೇರೆ ಧರ್ಮದ ಪೂಜಾರಿಗಳ ಕುರಿತಾದುದೆಂದು ನಕ್ಕು ಸುಮ್ಮನಾಗುವ ಹಕ್ಕು ನಮಗಿಲ್ಲ.

ಈಗ 16ನೆಯ ಅಧ್ಯಾಯ. ಇದನ್ನು ಹೇಳಿದ್ದು ಯಾರಿಗೆ ಎಂಬುದನ್ನು ಲೂಕನು ಸ್ಪಷ್ಟಪಡಿಸಿದ್ದಾನೆ: 15ನೆಯ ಅಧ್ಯಾಯದ ಮೂರು ಸಾಮತಿಗಳು ಫರಿಸಾಯರಿಗೂ ಧರ್ಮಶಾಸ್ತ್ರಿಗಳಿಗೂ, ಇದು ಶಿಷ್ಯರಿಗೆ. ಆದರೂ ಎರಡು ಅಧ್ಯಾಯಗಳನ್ನು ಒಂದು ಕ್ರಿಯಾಪದ ಕಟ್ಟಿಹಾಕಿದೆ. ಕಿರಿಯ ಮಗನು ದೂರದೇಶದಲ್ಲಿ ಆಸ್ತಿಯನ್ನು ಚೆಲ್ಲಾಪಿಲ್ಲಿ ಮಾಡಿದನೆನ್ನುವಾಗ (15:13) ಬಳಸಿದ ಕ್ರಿಯಾಪದವೇ ಪಾರುಪತ್ಯಗಾರನ ಮೇಲಿನ ದೂರಿನಲ್ಲಿಯೂ (16:1) ಬಂದಿದೆ. ಒಬ್ಬನು ತಂದೆಯ ಸೊತ್ತನ್ನು ಚೆಲ್ಲಿದ, ಇನ್ನೊಬ್ಬನು ಒಡೆಯನ ಸೊತ್ತನ್ನು. ಮೊದಲನೆಯವನನ್ನು ಲೆಕ್ಕ ಕೇಳದೆ ತಬ್ಬಿಕೊಳ್ಳಲಾಯಿತು. ಎರಡನೆಯವನನ್ನು ಕರೆದು ಲೆಕ್ಕ ಒಪ್ಪಿಸೆಂದು ಹೇಳಲಾಯಿತು. ಮಗನಿಗೂ ಅಧಿಕಾರಿಗೂ ಇರುವ ಈ ವ್ಯತ್ಯಾಸವನ್ನು ಕರುಣೆಯ ಕುರಿತು ಮಾತನಾಡುವಾಗ ನಾವು ಮರೆಯುತ್ತೇವೆ.

ಪಾರುಪತ್ಯಗಾರನನ್ನು ಮೆಚ್ಚಿದ್ದೇಕೆ ಎಂಬ ಒಗಟು ವ್ಯಾಖ್ಯಾನಕಾರರನ್ನು ಶತಮಾನಗಳಿಂದ ಕಾಡಿದೆ. ಅವನ ಎಲ್ಲ ನಡತೆಯೂ ಅನುಕರಣೆಗಲ್ಲ ಎಂದು ಸಂತ ಅಗುಸ್ತೀನರು ಎಚ್ಚರಿಸಿ ಮುಂದೆ ಸಾಗಿದರು. 20ನೆಯ ಶತಮಾನದಲ್ಲಿ ಅವನ ಮಾನ ಉಳಿಸುವ ಎರಡು ಪ್ರಸಿದ್ಧ ಪ್ರಯತ್ನಗಳು ನಡೆದವು. ಜೆ. ಡಂಕನ್ ಡೆರೆಟ್ 1961ರಲ್ಲಿ ಮುಂದಿಟ್ಟ ವಾದದಂತೆ, ಸಾಲಪತ್ರಗಳಲ್ಲಿ ಮೋಶೆಯ ಧರ್ಮಶಾಸ್ತ್ರ ನಿಷೇಧಿಸಿದ್ದ ಬಡ್ಡಿ ಅಡಗಿತ್ತು. ಅವನು ಕಡಿತಗೊಳಿಸಿದ್ದು ಆ ಬಡ್ಡಿಯನ್ನು. ಹಾಗಾಗಿ ಯಜಮಾನನು ಧರ್ಮಿಷ್ಠನಂತೆ ಕಾಣಿಸಿಕೊಳ್ಳಲು ಅದನ್ನು ಒಪ್ಪಲೇಬೇಕಾಯಿತು. ಯೇಸುಸಭೆಯ ಜೋಸೆಫ್ ಫಿಟ್ಜ್‌ಮಯರ್ 1964ರಲ್ಲಿ ಇದನ್ನು ತಿದ್ದಿ, ಕಡಿತವಾದುದು ಪಾರುಪತ್ಯಗಾರನ ಸ್ವಂತ ದಲ್ಲಾಳಿ ಹಣವೆಂದರು. ಇಬ್ಬರೂ ದೊಡ್ಡ ವಿದ್ವಾಂಸರು, ಆದರೆ ಪಠ್ಯ ಅವರಿಗೆ ಸುಲಭವಾಗಿ ಬಗ್ಗುವುದಿಲ್ಲ. ಸಾಲಗಾರರನ್ನು ಅವನು ಕೇಳುವುದು 'ನನ್ನ ಯಜಮಾನನಿಗೆ ನೀನು ಎಷ್ಟು ತೀರಿಸಬೇಕು' ಎಂಬ ಅರ್ಥದಲ್ಲಿ. ನೂರು ಅಳತೆ ಎಣ್ಣೆ ಐವತ್ತಾಗುತ್ತದೆ. ನೂರು ಅಳತೆ ಗೋದಿ ಎಂಬತ್ತಾಗುತ್ತದೆ. ಇವು ಒಡೆಯನ ಎಣ್ಣೆ, ಒಡೆಯನ ಗೋದಿ ಎಂದೇ ಕಥೆ ಕೇಳಿದ ಯಾರೂ ತಿಳಿಯುತ್ತಾರೆ. ಕೆನೆತ್ ಬೇಯ್ಲಿ 1976ರಲ್ಲಿ ಸೂಚಿಸಿದಂತೆ, ಅವನು ಪಣಕ್ಕಿಟ್ಟದ್ದು ಒಡೆಯನ ಔದಾರ್ಯವನ್ನೇ. ಜೈಲಿಗಟ್ಟದೆ ಬರಿದೆ ಕೆಲಸ ಬಿಡಿಸಿದ ಒಡೆಯನು ಊರ ಮುಂದೆ ಈ ರಿಯಾಯಿತಿಯನ್ನು ಹಿಂದೆಗೆದುಕೊಳ್ಳನೆಂದು ಅವನು ಎಣಿಸಿದನು. ಮೂರರಲ್ಲಿ ಇದೇ ನನಗೆ ಹೆಚ್ಚು ಒಪ್ಪಿಗೆ.

ಇಲ್ಲೊಂದು ಪಕ್ಕದ ಮಾತು. ಪಾರುಪತ್ಯಗಾರನನ್ನು ಬಡವರ ಸಾಲಮನ್ನಾ ಮಾಡಿದ ವೀರನಂತೆ ಚಿತ್ರಿಸುವ ಪ್ರಬೋಧನೆಗಳನ್ನೂ ಕೇಳಿದ್ದೇನೆ. ಆಶಯ ಒಳ್ಳೆಯದೇ. ಆದರೆ ಎಣ್ಣೆಯ ಅಳತೆ 'ಬತ್', ಗೋದಿಯದು 'ಕೊರ್'. ಯೆಹೆಜ್ಕೇಲ 45:14ರ ಪ್ರಕಾರ ಒಂದು ಕೊರ್ ಎಂದರೆ ಹತ್ತು ಬತ್. ನೂರು ಕೊರ್ ಗೋದಿ ಗುಡಿಸಲಿನ ಸಾಲವಲ್ಲ. ಇವರು ದೊಡ್ಡ ಗೇಣಿದಾರರು ಅಥವಾ ವ್ಯಾಪಾರಿಗಳು. ಬಡವನು ಈ ಅಧ್ಯಾಯದಲ್ಲಿ ಬರುವುದು 20ನೆಯ ವಚನದಲ್ಲಿ, ಲಾಜರನಾಗಿ, ಹೆಬ್ಬಾಗಿಲಿನ ಬಳಿ. ಅವನ ಪಾಲನ್ನು ಯಾರೂ ಅಳೆದುಕೊಟ್ಟಿರಲಿಲ್ಲ.

ಹಾಗಾದರೆ ಯೇಸುಸ್ವಾಮಿ ಎತ್ತಿ ತೋರಿದ್ದೇನು? ಲೆಕ್ಕ ಕೊಡುವ ದಿನ ಬಂದಿದೆಯೆಂದು ಅವನು ತಿಳಿದ, ತಿಳಿದೊಡನೆ ಎದ್ದ. ಯೆರೆಮಿಯಾಸ್ ಮೊದಲಾದವರು ಇದನ್ನು ದೇವರಾಜ್ಯದ ಮುಂದಿನ ತುರ್ತು ಎಂದು ಓದುತ್ತಾರೆ, ಅದು ಸರಿಯೇ. ಆದರೆ ಲೂಕನು ಅಲ್ಲಿಗೆ ನಿಲ್ಲದೆ ಹಣದ ವಿಷಯಕ್ಕೆ ಬರುತ್ತಾನೆ. ಮತ್ತೊಬ್ಬರ ಸೊತ್ತಿನಲ್ಲಿ ಪ್ರಾಮಾಣಿಕರಾಗಿರದಿದ್ದರೆ ನಿಮ್ಮದೇ ಆದುದನ್ನು ಯಾರು ಕೊಟ್ಟಾರು ಎಂಬ ಪ್ರಶ್ನೆಯನ್ನು (16:12) ಅಲ್ಲಿ ಜೋಡಿಸುತ್ತಾನೆ. ಸಂಕ್ಷಿಪ್ತ ವಾಚನವನ್ನು ಆರಿಸಿಕೊಂಡವರೂ ಈ ವಚನದಿಂದ ತಪ್ಪಿಸಿಕೊಳ್ಳಲಾರರು. ಧರ್ಮಕೇಂದ್ರದ ಗುರುವಿನ ಕೈಯಲ್ಲಿರುವ ಹಣವೆಲ್ಲವೂ ಮತ್ತೊಬ್ಬರ ಸೊತ್ತಲ್ಲವೇ?

ಇಷ್ಟಿದ್ದೂ ಪಾರುಪತ್ಯವು ಭಕ್ತರ ಕರ್ತವ್ಯವಾಗಿ, ಅದರಲ್ಲಿಯೂ ಕಾಣಿಕೆಯ ಕರ್ತವ್ಯವಾಗಿ ಕುಗ್ಗಿದ್ದು ಹೇಗೆ? ನಮ್ಮ ಕೈಸೇರಿರುವ ಸಾಹಿತ್ಯದ ಬಹುಭಾಗ ಅಮೆರಿಕದಿಂದ ಬಂದದ್ದು. ಅಲ್ಲಿನ ಕಥೋಲಿಕ ಧರ್ಮಾಧ್ಯಕ್ಷರು 1992ರಲ್ಲಿ ಈ ವಿಷಯವಾಗಿ ಹೊರಡಿಸಿದ ಪಾಲನಾಪತ್ರ ಗಂಭೀರವಾದ ಬರಹ. ಅದು ಪಾರುಪತ್ಯವನ್ನು ಶಿಷ್ಯತ್ವದೊಳಗಿಟ್ಟು ನೋಡುತ್ತದೆ, ಹೊಣೆಗಾರಿಕೆಯ ಮಾತನ್ನೂ ಆಡುತ್ತದೆ. ದೋಷ ಆ ಪತ್ರದ್ದಲ್ಲ. ಅದರ ಸುತ್ತಮುತ್ತ ಬೆಳೆದ ಕೈಪಿಡಿಗಳು, ಪ್ರತಿಜ್ಞಾಪತ್ರಗಳು, ಸಿದ್ಧ ಪ್ರಬೋಧನೆಗಳು ನಮ್ಮಲ್ಲಿಗೆ ಬರುವಾಗ ಆ ಮೂರು ಮೆಟ್ಟಿಲುಗಳಷ್ಟೇ ಉಳಿದವು. ಅದರಲ್ಲಿಯೂ ನಡುವಿನ ಮೆಟ್ಟಿಲು ಕನ್ನಡದಲ್ಲಿ ನಿಲ್ಲುವುದೇ ಇಲ್ಲ. ಮತ್ತಾಯ 25ರ 'ತಲೆಂತು' ಬೆಳ್ಳಿಯ ತೂಕ. ಇಂಗ್ಲಿಷಿನಲ್ಲಿ ಆ ಪದಕ್ಕೆ ಸಹಜ ಸಾಮರ್ಥ್ಯವೆಂಬ ಅರ್ಥ ಬಂದುದೇ ಆ ಸಾಮತಿಯ ವ್ಯಾಖ್ಯಾನದಿಂದ. ಕನ್ನಡದಲ್ಲಿ ಪ್ರತಿಭೆಗೂ ತಲೆಂತಿಗೂ ಯಾವ ನಂಟೂ ಇಲ್ಲ. ಶ್ಲೇಷೆಯನ್ನು ಕಳೆದುಕೊಂಡ ಮೇಲೂ ಸೂತ್ರವನ್ನು ಒಪ್ಪಿಸುತ್ತಿದ್ದೇವೆ.

ಇನ್ನೊಂದು ಮೂಲ ಮಲಾಕಿಯನ ಗ್ರಂಥದ 3:8-10. ದಶಮಾಂಶವನ್ನು ಭಂಡಾರಕ್ಕೆ ತನ್ನಿ, ಆಕಾಶದ ದ್ವಾರಗಳು ತೆರೆಯುವುದನ್ನು ನೋಡಿ, ಎಂಬ ಅರ್ಥದ ಆ ಭಾಗವನ್ನು ಸಮೃದ್ಧಿಯ ಸುವಾರ್ತೆ ಸಾರುವ ಪಂಗಡಗಳು ಬಹಳ ಬಳಸುತ್ತವೆ. ಈಗೀಗ ನಮ್ಮ ಧ್ಯಾನಕೂಟಗಳಲ್ಲಿಯೂ ಕೇಳಿಬರುತ್ತದೆ. ಮಲಾಕಿಯನ ಗ್ರಂಥವನ್ನು ಮೊದಲಿನಿಂದ ಓದಿದವರು ಅಷ್ಟು ಧೈರ್ಯದಿಂದ ಅದನ್ನು ಉಲ್ಲೇಖಿಸಲಾರರು. 1:6ರಿಂದ 2:9ರವರೆಗೆ ಪ್ರವಾದಿಯ ಆರೋಪವಿರುವುದು ಯಾಜಕರ ಮೇಲೆ: ಕುಂಟ, ಕುರುಡ ಪಶುಗಳನ್ನು ಬಲಿಪೀಠಕ್ಕೆ ತಂದವರು ಅವರು. ಜನರ ದಶಮಾಂಶದ ಮಾತು ಬರುವುದು ಅದಾದ ಮೇಲೆ. ಹೆಚ್ಚುಕಡಿಮೆ ಅದೇ ಕಾಲದ ಸಂಗತಿಯನ್ನು ನೆಹೆಮೀಯ 13 ವಿವರಿಸುತ್ತದೆ. ಯಾಜಕ ಎಲ್ಯಾಷೀಬನು ದೇವಾಲಯದ ಉಗ್ರಾಣದ ಕೋಣೆಯನ್ನು ತನ್ನ ನಂಟ ತೋಬೀಯನಿಗೆ ಬಿಟ್ಟುಕೊಟ್ಟಿದ್ದನು. ಲೇವಿಯರಿಗೆ ಸಲ್ಲಬೇಕಾದ ಪಾಲು ಸಲ್ಲದೆ ಅವರು ಹೊಲಗಳಿಗೆ ಹಿಂದಿರುಗಿದ್ದರು. ನೆಹೆಮೀಯನು ದಶಮಾಂಶ ತನ್ನಿರೆಂದು ಬರಿದೆ ಸಾರಲಿಲ್ಲ. ಮೊದಲು ಕೋಣೆಯನ್ನು ಖಾಲಿಮಾಡಿಸಿದನು. ಬಳಿಕ ಒಬ್ಬ ಯಾಜಕ, ಒಬ್ಬ ಲಿಪಿಗಾರ, ಒಬ್ಬ ಲೇವಿಯ, ಅವರೊಂದಿಗೆ ಸಹಾಯಕನಾಗಿ ಹಾನಾನ್, ಹೀಗೆ ನಾಲ್ವರನ್ನು ಉಗ್ರಾಣದ ಮೇಲೆ ನೇಮಿಸಿದನು. ನೇಮಿಸಲು ಕೊಟ್ಟ ಕಾರಣ, ಅವರು ನಂಬಿಗಸ್ತರೆಂದು ಎಣಿಸಲ್ಪಟ್ಟಿದ್ದರು. ಅವರ ಕೆಲಸ, ಸಹೋದರರಿಗೆ ಹಂಚುವುದು. ಲೂಕ 12ರ ಪಡಿಯ ಅಳತೆ ಇಲ್ಲಿಯೂ ಇದೆ.

ಸೃಷ್ಟಿಯ ಪಾರುಪತ್ಯದ ಕುರಿತು ಬಹಳ ಬರೆಯಲಾಗಿದೆ. ಇಲ್ಲಿ ಒಂದೆರಡು ಮಾತು ಸಾಕು. ಡಗ್ಲಸ್ ಜಾನ್ ಹಾಲ್ 1982ರ ತಮ್ಮ ಗ್ರಂಥದಲ್ಲಿ ಪಾರುಪತ್ಯಗಾರನ ಪ್ರತಿಮೆಯನ್ನು ಚರ್ಚಿನ ಹಣಸಂಗ್ರಹದಿಂದ ಬಿಡಿಸಿ ಇಡೀ ಜಗತ್ತಿಗೆ ವಿಸ್ತರಿಸಿದರು. ಪೋಪ್ ಫ್ರಾನ್ಸಿಸರ 2015ರ 'ಲೌದಾತೊ ಸಿ' ವಿಶ್ವಪತ್ರವು 67ನೆಯ ಪರಿಚ್ಛೇದದಲ್ಲಿ ಆದಿಕಾಂಡ 2:15ರ ಉಳುವ, ಕಾಯುವ ಕಾಯಕವನ್ನು ವಿವರಿಸಿ, 116ರಲ್ಲಿ ಮಾನವನ ಒಡೆತನವನ್ನು ಹೊಣೆಯರಿತ ಪಾರುಪತ್ಯವೆಂದು ಓದುತ್ತದೆ. ಆರ್ಥಡಾಕ್ಸ್ ದೈವಶಾಸ್ತ್ರಜ್ಞ ಜಾನ್ ಜಿಜಿಯೂಲಾಸರಿಗೆ ಈ ಪ್ರತಿಮೆ ಸಾಲದು; ಅದರಲ್ಲಿ ನಿರ್ವಹಣೆಯ ವಾಸನೆ ಹೆಚ್ಚು, ಮಾನವನು ಸೃಷ್ಟಿಯ ಯಾಜಕನೆನ್ನುವುದೇ ಮೇಲೆನ್ನುತ್ತಾರೆ. ಆಕ್ಷೇಪಣೆಯಲ್ಲಿ ಹುರುಳಿದೆ. ಆದರೂ ಯಾಜಕರಾದ ನಮಗೆ ಆ ಬದಲಾವಣೆ ತುಸು ಹೆಚ್ಚೇ ಹಿತವಾಗಿ ಕೇಳಿಸುತ್ತದೆಂಬ ಅನುಮಾನವೂ ನನಗಿದೆ. ಪಾರುಪತ್ಯಗಾರನನ್ನು ಲೆಕ್ಕ ಕೇಳಬಹುದು.

ಲೆಕ್ಕದ ವಿಷಯಕ್ಕೆ ಬರೋಣ. ಸಂತ ಪೌಲನು ಜೆರುಸಲೇಮಿನ ಬಡವರಿಗಾಗಿ ಸಂಗ್ರಹಿಸಿದ ಕಾಣಿಕೆಯ ಪ್ರಸಂಗ ಗುರುಮಠದಲ್ಲಿ ನಾವು ಬೋಧಿಸುವುದಕ್ಕಿಂತ ಹೆಚ್ಚು ಗಮನಕ್ಕೆ ಅರ್ಹ. ಔದಾರ್ಯದ ಮೇಲಿನ ಪ್ರಬೋಧನೆಗೆ 2 ಕೊರಿಂಥ 8 ಮತ್ತು 9 ನಮ್ಮ ಅಚ್ಚುಮೆಚ್ಚಿನ ಅಧ್ಯಾಯಗಳು. ಆದರೆ 8:18ರಿಂದ 21ರವರೆಗಿನದನ್ನು ದಾಟಿಹೋಗುತ್ತೇವೆ. ಅಲ್ಲಿ ಪೌಲನು ತೀತನ ಜೊತೆಗೆ ಸಭೆಗಳೇ ಆರಿಸಿದ ಸಹೋದರನೊಬ್ಬನನ್ನು ಕಳುಹಿಸುವುದಾಗಿ ಹೇಳುತ್ತಾನೆ. ಉದ್ದೇಶವನ್ನು ಮುಚ್ಚಿಡುವುದಿಲ್ಲ: ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ಪ್ರಭುವಿನ ದೃಷ್ಟಿಯಲ್ಲಿ ಮಾತ್ರವಲ್ಲ, ಮನುಷ್ಯರ ದೃಷ್ಟಿಯಲ್ಲಿಯೂ ಸರಿಯಾಗಿ ನಡೆದುಕೊಳ್ಳಬೇಕು. 'ನನ್ನ ಲೆಕ್ಕ ದೇವರಿಗೆ ಗೊತ್ತು' ಎಂಬ ಉತ್ತರವನ್ನು ಪ್ರೇಷಿತನು ತನಗೂ ಅನುಮತಿಸಿಕೊಳ್ಳಲಿಲ್ಲ. ಅವನ ಪ್ರಾಮಾಣಿಕತೆಯ ಬಗ್ಗೆ ಕೊರಿಂಥದಲ್ಲಿ ಪಿಸುಮಾತುಗಳಿದ್ದವು (12:16-18). ಅವನು ಅದಕ್ಕೆ ಕೋಪವನ್ನಷ್ಟೇ ಅಲ್ಲ, ವ್ಯವಸ್ಥೆಯನ್ನೂ ಉತ್ತರವಾಗಿ ಕೊಟ್ಟನು.

ಧರ್ಮಸಭೆಯ ಕಾನೂನು ಈ ವಿವೇಕವನ್ನು ಬೇಗನೆ ಮೈಗೂಡಿಸಿಕೊಂಡಿತು. 451ರ ಕಾಲ್ಸೆದೋನಿನ ಮಹಾಸಭೆಯ 26ನೆಯ ವಿಧಿ ಪ್ರತಿಯೊಬ್ಬ ಧರ್ಮಾಧ್ಯಕ್ಷನೂ ತನ್ನ ಗುರುವರ್ಗದಿಂದ ಒಬ್ಬ ಒಯ್ಕೊನೊಮೊಸನನ್ನು ಹೊಂದಿರಬೇಕೆಂದಿತು. ಧರ್ಮಸಭೆಯ ಆಡಳಿತ ಸಾಕ್ಷಿಯಿಲ್ಲದೆ ನಡೆಯಬಾರದೆಂಬುದು ಅಲ್ಲಿ ಕೊಟ್ಟ ಕಾರಣ. ಅದೇ ಶತಮಾನದ ಕೊನೆಗೆ ಪೋಪ್ ಗೆಲಾಸಿಯುಸರ ಪತ್ರಗಳಲ್ಲಿ ಆದಾಯವನ್ನು ನಾಲ್ಕು ಪಾಲು ಮಾಡುವ ಕ್ರಮ ಕಾಣುತ್ತದೆ: ಧರ್ಮಾಧ್ಯಕ್ಷರಿಗೆ, ಗುರುವರ್ಗಕ್ಕೆ, ಬಡವರಿಗೆ, ಕಟ್ಟಡಗಳಿಗೆ. ಬಡವರ ಪಾಲು ಗುರುವಿನ ಮನಸ್ಸಿಗೆ ಬಿಟ್ಟದ್ದಾಗಿರಲಿಲ್ಲ. ಮಿಲಾನಿನ ಸಂತ ಅಂಬ್ರೋಸರು ಸೆರೆಯಾಳುಗಳನ್ನು ಬಿಡಿಸಲು ಪವಿತ್ರ ಪಾತ್ರೆಗಳನ್ನು ಕರಗಿಸಿದರು. ಆಕ್ಷೇಪಣೆ ಬಂದಾಗ ಅದಕ್ಕೂ ಬರೆದು ಉತ್ತರ ಕೊಟ್ಟರು. ಅದನ್ನೂ ಒಂದು ಬಗೆಯ ಲೆಕ್ಕ ಒಪ್ಪಿಸುವಿಕೆಯೆಂದೇ ನಾನು ಓದುತ್ತೇನೆ.

1983ರ ಕಾನೂನು ಸಂಹಿತೆಯ ಐದನೆಯ ಗ್ರಂಥವನ್ನು ನಮ್ಮ ಗುರುವಿದ್ಯಾರ್ಥಿಗಳು ಪರೀಕ್ಷೆಗೆಂದು ಓದಿ ಮರೆಯುತ್ತಾರೆ. ಅದರ 1284ನೆಯ ವಿಧಿ ಆಡಳಿತಗಾರನಿಂದ ಒಳ್ಳೆಯ ಮನೆಯೊಡೆಯನ ಶ್ರದ್ಧೆಯನ್ನು ಕೇಳುತ್ತದೆ. ಆದಾಯ, ವೆಚ್ಚಗಳ ಪುಸ್ತಕ ಅಚ್ಚುಕಟ್ಟಾಗಿರಬೇಕೆನ್ನುತ್ತದೆ. 1267ನೆಯ ವಿಧಿಯ ಮೂರನೆಯ ಪರಿಚ್ಛೇದದಂತೆ, ಒಂದು ಉದ್ದೇಶಕ್ಕೆ ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕಷ್ಟೇ ಬಳಸಬೇಕು. 1286 ನಮ್ಮಲ್ಲಿ ದುಡಿಯುವವರಿಗೆ ನ್ಯಾಯವಾದ ವೇತನ ಕೊಡಲು ಆಜ್ಞಾಪಿಸುತ್ತದೆ, ಅವರೂ ಅವರ ಅವಲಂಬಿತರೂ ಬದುಕುವಷ್ಟು. ಧರ್ಮಕೇಂದ್ರದ ಉಪದೇಶಿ, ಗಂಟೆ ಹೊಡೆಯುವವರು, ಅಡುಗೆಯವರು, ಗುರುಮಠದ ತೋಟದ ಆಳು, ಇವರ ಪಡಿ ಹೊತ್ತಿಗೆ ಸರಿಯಾಗಿ ಅಳೆದಿದೆಯೇ ಎಂಬುದೇ ಲೂಕ 12ರ ಪ್ರಶ್ನೆ. 537ನೆಯ ವಿಧಿಯಂತೆ ಪ್ರತಿ ಧರ್ಮಕೇಂದ್ರದಲ್ಲಿಯೂ ಹಣಕಾಸು ಸಮಿತಿ ಇರಲೇಬೇಕು. ಪಾಲನಾ ಸಮಿತಿಯ ವಿಷಯದಲ್ಲಿ (536) ಧರ್ಮಾಧ್ಯಕ್ಷರ ವಿವೇಚನೆಗೆ ಅವಕಾಶವಿದೆ, ಇಲ್ಲಿ ಇಲ್ಲ. ಇನ್ನು 1287. ಅದರ ಮೊದಲ ಪರಿಚ್ಛೇದ ವರ್ಷಕ್ಕೊಮ್ಮೆ ಧರ್ಮಾಧ್ಯಕ್ಷರಿಗೆ ಲೆಕ್ಕ ಒಪ್ಪಿಸಲು ಹೇಳುತ್ತದೆ. ಇದನ್ನು ಎಲ್ಲರೂ ಬಲ್ಲರು. ಎರಡನೆಯ ಪರಿಚ್ಛೇದ, ಸ್ಥಳೀಯ ಕಾನೂನು ನಿರ್ಧರಿಸುವ ಕ್ರಮದಲ್ಲಿ, ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೇ ಒಪ್ಪಿಸಬೇಕೆನ್ನುತ್ತದೆ. ಧರ್ಮಸಭೆಯ ಅಗತ್ಯಗಳಿಗೆ ನೆರವಾಗುವುದು ಭಕ್ತರ ಕರ್ತವ್ಯವೆನ್ನುವ 222ನೆಯ ವಿಧಿಯನ್ನು ಪೀಠದಿಂದ ಎಷ್ಟೋ ಬಾರಿ ಕೇಳಿದ್ದೇನೆ. 1287ರ ಎರಡನೆಯ ಪರಿಚ್ಛೇದವನ್ನು ಒಮ್ಮೆಯೂ ಕೇಳಿಲ್ಲ.

ನಾನು ಅಭಿಷಿಕ್ತನಾದ ಹೊಸತರಲ್ಲಿ ಹಳ್ಳಿಯ ಧರ್ಮಕೇಂದ್ರವೊಂದರಲ್ಲಿ ಹಬ್ಬದ ಖರ್ಚು ನೋಡಿಕೊಳ್ಳುತ್ತಿದ್ದೆ. ಹೊಸ ಬೆಳೆಯ ಹರಾಜು ಅಲ್ಲಿನ ಸಂಭ್ರಮ. ಒಂದು ಬಾಳೆಗೊನೆಯನ್ನು ಮೂರು ಬಾರಿ ಕೊಂಡು ಮೂರು ಬಾರಿ ಮರಳಿ ಕೊಡುವ ಜನ ಅವರು. ಹಬ್ಬ ಮುಗಿದು ಕೆಲವು ವಾರಗಳಾದ ಮೇಲೆ ಸಣ್ಣ ಅಂಗಡಿಯೊಂದನ್ನು ನಡೆಸುತ್ತಿದ್ದ ಹಿರಿಯರೊಬ್ಬರು ಪೂಜೆಯ ನಂತರ ಬಂದು, "ಸ್ವಾಮಿ, ಹರಾಜಿನ ಲೆಕ್ಕ ಓದಲಿಲ್ಲವಲ್ಲ" ಎಂದರು. ಧ್ವನಿಯಲ್ಲಿ ಸಂಶಯವಿರಲಿಲ್ಲ. ನನಗೆ ಮಾತ್ರ ಮುಖಕ್ಕೆ ರಕ್ತ ನುಗ್ಗಿತು. "ಲೆಕ್ಕವನ್ನು ಧರ್ಮಾಧ್ಯಕ್ಷರಿಗೆ ಒಪ್ಪಿಸುತ್ತೇವೆ" ಎಂದೆ. ಅವರು "ಆಗಲಿ ಸ್ವಾಮಿ" ಎಂದು ಹೊರಟುಹೋದರು. ಒಂದು ಪೈಸೆಯೂ ಆಚೀಚೆ ಆಗಿರಲಿಲ್ಲ. ಪುಸ್ತಕ ನನ್ನ ಮೇಜಿನ ಮೇಲೆಯೇ ಇತ್ತು. ಅದನ್ನು ತೆರೆದು ತೋರಿಸಲು ಎರಡು ನಿಮಿಷ ಸಾಕಿತ್ತು. ಮುಂದಿನ ವರ್ಷದ ಹರಾಜಿನಲ್ಲಿ ಅವರು ಹಿಂದಿನ ಸಾಲಿನಲ್ಲಿ ಕುಳಿತಿದ್ದರು, ಯಾವುದಕ್ಕೂ ಕೂಗಲಿಲ್ಲ. ಕಾರಣ ಬೇರೆಯೇ ಇದ್ದಿರಬಹುದು. ನಾನು ಕೇಳಲಿಲ್ಲ.

ಈ ವಾದಕ್ಕೆ ಬರಬಹುದಾದ ಆಕ್ಷೇಪಣೆಗಳಲ್ಲಿ ಗಂಭೀರವಾದುದು 1 ಪೇತ್ರ 4:10. ಅಲ್ಲಿ ಎಲ್ಲ ಕ್ರೈಸ್ತರೂ ದೇವರ ಬಗೆಬಗೆಯ ವರಪ್ರಸಾದದ ಒಳ್ಳೆಯ ಪಾರುಪತ್ಯಗಾರರು. ಇದು ನಿಜ, ಭಕ್ತರಿಗೆ ಪಾರುಪತ್ಯವನ್ನು ಬೋಧಿಸಬಾರದೆಂದು ನಾನು ಹೇಳುತ್ತಿಲ್ಲ. ಆದರೆ ಅಲ್ಲಿಯೂ ವರವನ್ನು ಪಡೆದವನು ಅದನ್ನು ಬಳಸಬೇಕಾದುದು ಒಬ್ಬರೊಬ್ಬರ ಸೇವೆಗೆ, ಮಾತಿನಲ್ಲಿ ಮತ್ತು ಕೃತಿಯಲ್ಲಿ. ಕಾಣಿಕೆಯ ಪೆಟ್ಟಿಗೆ ಅಲ್ಲಿ ಇಲ್ಲ. ಸಭೆಯ ಮೇಲ್ವಿಚಾರಕನನ್ನು ದೇವರ ಪಾರುಪತ್ಯಗಾರನೆಂದು ಕರೆಯುವ ತೀತ 1:7 ಅದೇ ಉಸಿರಿನಲ್ಲಿ ಅವನು ನೀಚಲಾಭಕ್ಕೆ ಆಸೆಪಡದವನಾಗಿರಬೇಕೆಂದು ಸೇರಿಸುತ್ತದೆ. 1 ಕೊರಿಂಥ 4:2 ಅವನಿಂದ ಕೇಳುವುದು ಒಂದೇ ಗುಣವನ್ನು, ನಂಬಿಕೆಗೆ ಅರ್ಹನಾಗಿ ಕಂಡುಬರುವುದನ್ನು. 'ಕಂಡುಬರುವುದು' ಎಂಬ ಕ್ರಿಯಾಪದ ಗ್ರೀಕಿನಲ್ಲಿಯೂ ಇದೆ. ಮರುವಚನದಲ್ಲಿ ಮನುಷ್ಯರ ನ್ಯಾಯವಿಚಾರಣೆ ತನಗೆ ಅಲ್ಪವೆಂದು ಪೌಲನು ಹೇಳುತ್ತಾನಲ್ಲ ಎಂದು ಯಾರಾದರೂ ಕೇಳಬಹುದು. ಹೇಳುತ್ತಾನೆ, ತನ್ನ ಬೋಧನೆಯ ವಿಷಯದಲ್ಲಿ. ಹಣದ ವಿಷಯ ಬಂದಾಗ ಅದೇ ಪೌಲನು ಬರೆದದ್ದು 2 ಕೊರಿಂಥ 8:21.

ಎರಡನೆಯ ಆಕ್ಷೇಪಣೆ ವ್ಯಾವಹಾರಿಕ. ಲೆಕ್ಕವನ್ನು ಬಹಿರಂಗಪಡಿಸಿದರೆ ಹೊರಗಿನ ಹಗೆಗಳಿಗೆ ಆಯುಧ ಕೊಟ್ಟಂತಾಗದೇ, ಒಳಗಿನ ಜಗಳಗಳಿಗೆ ತುಪ್ಪ ಸುರಿದಂತಾಗದೇ, ಎಂದು ಹಿರಿಯ ಗುರುಗಳು ಕೇಳುತ್ತಾರೆ. ಇಂದಿನ ವಾತಾವರಣದಲ್ಲಿ ಈ ಭಯ ಹುಸಿಯಲ್ಲ. ಆದರೆ ಒಂದು ವಿಚಿತ್ರವನ್ನು ನೋಡಿ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆ, ಅದರ 2020ರ ತಿದ್ದುಪಡಿ, ಇವುಗಳಿಂದಾಗಿ ನಮ್ಮ ಸಂಸ್ಥೆಗಳು ಹೊರಗಿನಿಂದ ಬಂದ ಪ್ರತಿ ರೂಪಾಯಿಗೂ ಲೆಕ್ಕಪರಿಶೋಧಕರ ಸಹಿಯೊಂದಿಗೆ ಸರ್ಕಾರಕ್ಕೆ ವಾರ್ಷಿಕ ವರದಿ ಕೊಡುತ್ತಿವೆ. ಕೊಡದಿದ್ದರೆ ನೋಂದಣಿ ಉಳಿಯದು. ಜರ್ಮನಿಯ ದಾನಿಯ ಹಣಕ್ಕೆ ದೆಹಲಿಯ ಅಧಿಕಾರಿ ಲೆಕ್ಕ ಪಡೆಯುತ್ತಾನೆ. ಬಾಳೆಗೊನೆಯನ್ನು ಮೂರು ಬಾರಿ ಕೊಂಡ ಹೆಂಗಸು ಪಡೆಯುವುದಿಲ್ಲ. ಎಲ್ಲ ಧರ್ಮಪ್ರಾಂತ್ಯಗಳಲ್ಲಿಯೂ ಹೀಗೆಯೇ ಎಂದು ನಾನು ಹೇಳಲಾರೆ. ವರ್ಷಕ್ಕೊಮ್ಮೆ ಪೂಜೆಯ ನಂತರ ಲೆಕ್ಕ ಓದುವ, ಸೂಚನಾ ಫಲಕಕ್ಕೆ ಹಚ್ಚುವ ಧರ್ಮಕೇಂದ್ರಗಳನ್ನು ಕಂಡಿದ್ದೇನೆ. ಅಲ್ಲಿ ಜಗಳಗಳು ಹೆಚ್ಚಾದುದನ್ನು ಕಂಡಿಲ್ಲ. ಪ್ರಶ್ನೆಗಳು ಹೆಚ್ಚಾಗುತ್ತವೆ, ಅದು ಬೇರೆ.

ಕಳೆದ ಕೆಲವು ವರ್ಷಗಳಿಂದ ದೈವಶಾಸ್ತ್ರದ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ ಕೊಡುತ್ತಿದ್ದೇನೆ. ಲೂಕ 16:1-13ರ ಪೂರ್ಣ ವಾಚನಕ್ಕೆ ಪ್ರಬೋಧನೆ ಬರೆಯಬೇಕು. ಅದರ ಜೊತೆಗೆ, ಅದೇ ಭಾನುವಾರ ಭಕ್ತರ ಮುಂದೆ ಓದಲೆಂದು ಒಂದು ಪುಟದ ವಾರ್ಷಿಕ ಲೆಕ್ಕವನ್ನು ಸಿದ್ಧಪಡಿಸಬೇಕು. ಅಂಕಿಗಳು ಕಾಲ್ಪನಿಕವಾಗಿರಬಹುದು, ಶೀರ್ಷಿಕೆಗಳು ನಿಜವಾಗಿರಬೇಕು: ಭಾನುವಾರದ ಕಾಣಿಕೆ, ಹಬ್ಬದ ಹರಾಜು, ಮೇಣದಬತ್ತಿ, ವಿದ್ಯುತ್ತು, ಉಪದೇಶಿಯ ಸಂಬಳ, ಬಡವರಿಗೆ ಕೊಟ್ಟದ್ದು. ಪ್ರಬೋಧನೆಯನ್ನು ಅವರು ಒಂದು ಸಂಜೆಯಲ್ಲಿ ಬರೆದು ತರುತ್ತಾರೆ. ಎರಡನೆಯ ಹಾಳೆಗೆ ಒಂದು ವಾರ ಹಿಡಿಯುತ್ತದೆ. ಬಡವರಿಗೆ ಕೊಟ್ಟದ್ದು ಎಂಬ ಸಾಲಿನೆದುರು ಎಷ್ಟು ಬರೆಯಬೇಕೆಂದು ಕೇಳಲು ಬಹುತೇಕ ಎಲ್ಲರೂ ನನ್ನ ಕೋಣೆಗೆ ಬರುತ್ತಾರೆ.